ಹಾಡಿದರೆ ಉಸಿರು ಖರ್ಚಾಗುತ್ತದೆಯೇ?



ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ಓದಿ ಬದಿಗಿಡಲು ನನ್ನಿಂದ ಆಗಲಿಲ್ಲ. ಬಾಗಲಕೋಟೆ ಜಿಲ್ಲೆ ಬೀಳಗಿ ತಾಲೂಕಿನ ಬಾಡಗಂಡಿಯಿಂದ ಒಬ್ಬ ಸೊಸೆ ಬರೆದ ಪತ್ರವದು. ಹೆಸರು ಹಾಕಬೇಡಿ ಎಂದಿದ್ದಾರೆ. ಅದರ ಸಾರಾಂಶ ಹೀಗಿದೆ:

"ನಮ್ಮ ಅತ್ತೆಗೆ 62 ವರ್ಷ. ಎಂಟು ತಿಂಗಳ ಹಿಂದೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಅದಕ್ಕೆ ಮೊದಲು ಕೆಲವು ತಿಂಗಳು ಬರೀ ಕೆಮ್ಮಿಗೆ ಔಷಧ ತೆಗೆದುಕೊಳ್ಳುತ್ತಿದ್ದರು. ಬೀಡಿ, ತಂಬಾಕು ಯಾವುದನ್ನೂ ಮುಟ್ಟಿದವರಲ್ಲ. ಈಗ ಕಿಮೋ ನಡೆಯುತ್ತಿದೆ. ಹಿತ್ತಲಿನಿಂದ ಪಡಸಾಲೆಗೆ ಬರುವಷ್ಟರಲ್ಲಿ ಏದುಸಿರು ಬರುತ್ತದೆ. ಹಿಂದೆ ಅವರ ದನಿ ಇಲ್ಲದ ಮದುವೆ ನಮ್ಮ ಓಣಿಯಲ್ಲಿ ಇರಲಿಲ್ಲ. ಹಳದಿಯ ಹಾಡಿಗೂ ಅವರೇ, ತೊಟ್ಟಿಲಿನ ಲೋರಿಗೂ ಅವರೇ. ಕಾಯಿಲೆ ಬಂದ ಮೇಲೆ ಮನೆ ಮೌನವಾಗಿದೆ. ಮೊನ್ನೆ ನನ್ನ ಆರು ತಿಂಗಳ ಮಗು ಅಳುತ್ತಿದ್ದಾಗ ಅವರು ಮಡಿಲಲ್ಲಿ ಹಾಕಿಕೊಂಡು ಮೆಲ್ಲಗೆ ಗುನುಗತೊಡಗಿದರು. ಮಗು ಮಲಗಿತು. ಅವರ ಏದುಸಿರೂ ಇಳಿದಂತೆ ನನಗೆ ಕಂಡಿತು. ಅಷ್ಟರಲ್ಲಿ ನನ್ನ ಪತಿ ಬಂದು, 'ಯವ್ವಾ, ಇರೋ ಉಸಿರು ಸುಮ್ನ ಯಾಕ ಖರ್ಚ ಮಾಡ್ತಿ?' ಎಂದರು. ಅತ್ತೆ ಸುಮ್ಮನಾದರು. ಅಂದಿನಿಂದ ಮತ್ತೆ ಗುನುಗಿಲ್ಲ. ಅವರು ಹೇಳಿದ್ದು ತಾಯಿಯ ಮೇಲಿನ ಪ್ರೀತಿಯಿಂದಲೇ. ಆದರೆ ಹಾಡಿದರೆ ನಿಜವಾಗಿಯೂ ಅತ್ತೆಗೆ ಅಪಾಯವೇ? ನಾನು ಅವರನ್ನು ಹಾಡಲು ಬಿಡಬಹುದೇ?"

ಸಹೋದರಿ, ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ವೈದ್ಯರು ಬೇಡ ಎನ್ನುವ ಕಾರಣವೇನೂ ಇಲ್ಲದಿದ್ದರೆ ನಿಮ್ಮ ಅತ್ತೆ ಮೆಲ್ಲಗೆ ಗುನುಗಬಹುದು, ಹಾಡಲೂಬಹುದು. ಉಸಿರು ಡಬ್ಬಿಯಲ್ಲಿ ಕೂಡಿಟ್ಟ ಹಣವಲ್ಲ, ಬಳಸಿದಷ್ಟು ಕಡಿಮೆಯಾಗಲು. ಅಂದು ನಿಮ್ಮ ಕಣ್ಣಿಗೆ ಕಂಡದ್ದು ಭ್ರಮೆಯಾಗಿರಬೇಕಿಲ್ಲ. ಅದಕ್ಕೆ ಕಾರಣವಿದೆ. ಆದರೆ ಇನ್ನೊಂದು ಮಾತನ್ನೂ ಈಗಲೇ ಹೇಳಬೇಕು. ಹಾಡು ಕ್ಯಾನ್ಸರನ್ನು ಗುಣಪಡಿಸುವುದಿಲ್ಲ, ಗಡ್ಡೆಯನ್ನು ಕುಗ್ಗಿಸುವುದಿಲ್ಲ. ಹಾಗೆಂದು ಯಾರಾದರೂ ಹೇಳಿ ಹಣ ಕೇಳಿದರೆ ನಂಬಬೇಡಿ. ಕಿಮೋ, ರೇಡಿಯೇಶನ್, ಮಾತ್ರೆ ಯಾವುದನ್ನೂ ಹಾಡಿನ ಭರವಸೆಯ ಮೇಲೆ ಬಿಡಬೇಡಿ. ಹಾಡು ಮಾಡುವ ಕೆಲಸ ಚಿಕ್ಕದು, ಆದರೆ ಏದುಸಿರಿನಲ್ಲಿರುವವರಿಗೆ ಅದು ಚಿಕ್ಕದಲ್ಲ.

ಮೊದಲ ಪ್ರಶ್ನೆ: ಏದುಸಿರು ಯಾಕೆ?

ಹಾಡಿನ ವಿಷಯಕ್ಕೆ ಬರುವ ಮೊದಲು ನೀವು ವೈದ್ಯರನ್ನು ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: "ಇವರಿಗೆ ಏದುಸಿರು ಬರಲು ಕಾರಣವೇನು?" ಕ್ಯಾನ್ಸರ್ ಇದ್ದರೆ ಏದುಸಿರು ಇದ್ದದ್ದೇ ಎಂದು ನಮ್ಮ ಮನೆಗಳಲ್ಲಿ ಸುಮ್ಮನಾಗಿಬಿಡುತ್ತಾರೆ. ಹಾಗಲ್ಲ. ಗಡ್ಡೆ ಶ್ವಾಸನಾಳವನ್ನು ಒತ್ತುತ್ತಿರಬಹುದು. ಶ್ವಾಸಕೋಶದ ಸುತ್ತಲಿನ ಪೊರೆಯಲ್ಲಿ ನೀರು ತುಂಬಿರಬಹುದು. ಕಿಮೋದಿಂದ ರಕ್ತ ಕಡಿಮೆಯಾಗಿರಬಹುದು. ನ್ಯುಮೋನಿಯಾ ಆಗಿರಬಹುದು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಲುಕಿರಬಹುದು. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆಯಿದೆ. ಪೊರೆಯ ನೀರು ತೆಗೆದ ದಿನವೇ ಎಷ್ಟೋ ರೋಗಿಗಳು ಹಗುರಾಗಿ ಉಸಿರಾಡುತ್ತಾರೆ. ನೀರು ತುಂಬಿದ ಎದೆಗೆ ಹಾಡು ಹೇಳಿಸುತ್ತಾ ಕೂರುವುದು ಬುದ್ಧಿವಂತಿಕೆಯಲ್ಲ.

ಕಾರಣ ಹುಡುಕಿ, ಆಗಬಹುದಾದ ಚಿಕಿತ್ಸೆಯೆಲ್ಲ ಆದ ಮೇಲೂ ಸ್ವಲ್ಪ ಏದುಸಿರು ಉಳಿದುಕೊಳ್ಳುತ್ತದೆ. ಹಾಡಿನ ಸಹಾಯ ಬೇಕಾಗುವುದು ಅಲ್ಲಿ.

ಏದುಸಿರಿನ ಸುಳಿ

ಆರೋಗ್ಯವಂತರು ಸುಮ್ಮನೆ ಕುಳಿತಾಗ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯು ಕೆಳಗಿಳಿದಾಗ ಗಾಳಿ ಒಳಬರುತ್ತದೆ. ಅದು ಸಡಿಲವಾಗಿ ಮೇಲೇರಿದಾಗ ಗಾಳಿ ಹೊರಹೋಗುತ್ತದೆ. ಈ ಕೆಲಸ ನಮ್ಮ ಗಮನಕ್ಕೇ ಬರುವುದಿಲ್ಲ.

ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ಈ ಕ್ರಮ ಕೆಡುತ್ತದೆ. ಗಾಳಿ ಸಾಲದು ಎನಿಸಿದಾಗ ಅವರು ಬೇಗ ಬೇಗ ಉಸಿರೆಳೆಯುತ್ತಾರೆ. ಹೆಗಲು ಮೇಲಕ್ಕೇರುತ್ತದೆ, ಕತ್ತಿನ ನರಗಳು ಬಿಗಿಯುತ್ತವೆ. ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ. ಹಳೆಯ ಗಾಳಿ ಪೂರ್ತಿ ಹೊರಹೋಗುವ ಮೊದಲೇ ಹೊಸ ಉಸಿರು. ಇದರಿಂದ ದಣಿವು ಹೆಚ್ಚುತ್ತದೆ. ದಣಿದಾಗ "ನನ್ನ ಉಸಿರು ನಿಂತೇಹೋಗುತ್ತದೆ" ಎಂಬ ಭಯ ಹುಟ್ಟುತ್ತದೆ. ಭಯವು ಉಸಿರನ್ನು ಇನ್ನಷ್ಟು ಓಡಿಸುತ್ತದೆ. ಆಮೇಲೆ ರೋಗಿ ನಡೆಯುವುದನ್ನು ಬಿಡುತ್ತಾರೆ, ಮಾತು ಬಿಡುತ್ತಾರೆ, ನಗುವುದನ್ನೂ ಬಿಡುತ್ತಾರೆ. ಬಳಸದ ಕೈಕಾಲು ಸೋಲುತ್ತವೆ. ಸೋತ ಕಾಲಿನಲ್ಲಿ ನಾಲ್ಕು ಹೆಜ್ಜೆ ಇಟ್ಟರೂ ಏದುಸಿರು. ಬಾವಿಯ ಸುಳಿಯಂತೆ ಇದು ಒಳಕ್ಕೇ ಎಳೆಯುತ್ತದೆ.

ನಿಮ್ಮ ಪತಿಯ ಮಾತು ತಾಯಿಯನ್ನು ಈ ಸುಳಿಯಿಂದ ಕಾಪಾಡಲೆಂದೇ ಬಂದದ್ದು. ಆದರೆ "ಅಲುಗಾಡಬೇಡ, ಮಾತಾಡಬೇಡ, ಉಸಿರು ಉಳಿಸು" ಎನ್ನುವ ಪ್ರೀತಿಯು ಅವರಿಗೇ ತಿಳಿಯದೆ ಸುಳಿಯ ಕಡೆಗೆ ತಳ್ಳಿಬಿಡಬಹುದು.

ಹಾಡು ಏನು ಮಾಡುತ್ತದೆ?

ಹಾಡಿನ ಒಂದು ಸಾಲನ್ನು ಗಮನಿಸಿ. ಸಾಲಿಗೆ ಮೊದಲು ಒಂದು ಚುಟುಕು ಉಸಿರು ಒಳಗೆ. ಆಮೇಲೆ ಇಡೀ ಸಾಲು ಮುಗಿಯುವವರೆಗೆ ಉಸಿರು ನಿಧಾನವಾಗಿ ಹೊರಗೆ. ಅಂದರೆ ಹಾಡು ಎಂದರೆ ಉದ್ದವಾದ ಹೊರ ಉಸಿರು. ಏದುಸಿರಿನಲ್ಲಿರುವವರು ಕಳೆದುಕೊಂಡಿರುವುದು ಇದನ್ನೇ.

ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯವರು "ತುಟಿಯನ್ನು ಸೀಟಿ ಹೊಡೆಯುವಂತೆ ಮಾಡಿ ನಿಧಾನವಾಗಿ ಊದಿ" ಎಂದು ಕಲಿಸುತ್ತಾರಲ್ಲ, ಗಾಳಿ ಹೊರಹೋಗುವ ದಾರಿಯನ್ನು ಕಿರಿದಾಗಿಸಿ ಅದರ ಓಟವನ್ನು ತಗ್ಗಿಸುವುದು ಅದರ ಉದ್ದೇಶ. ಹಾಡುವಾಗ ಈ ಕೆಲಸವನ್ನು ಗಂಟಲಿನ ಧ್ವನಿತಂತುಗಳು ಮಾಡುತ್ತವೆ. ಅವು ಹತ್ತಿರ ಬಂದು ಕಂಪಿಸುವುದರಿಂದ ಗಾಳಿ ಒಮ್ಮೆಲೇ ನುಗ್ಗದೆ ಎಳೆ ಎಳೆಯಾಗಿ ಹೋಗುತ್ತದೆ. ಹೊರ ಉಸಿರು ಚೆನ್ನಾಗಿ ಆದರೆ ಒಳ ಉಸಿರಿಗೆ ಜಾಗ ತಾನಾಗಿಯೇ ಸಿಗುತ್ತದೆ.

ಇನ್ನೊಂದು ಲಾಭ ಮನಸ್ಸಿನದು. "ನಿಧಾನ ಉಸಿರಾಡಿ" ಎಂದು ಹೆದರಿದವರಿಗೆ ಹೇಳಿದರೆ ಅವರ ಗಮನವೆಲ್ಲ ಉಸಿರಿನ ಮೇಲೇ ನೆಟ್ಟು ಭಯ ಹೆಚ್ಚಬಹುದು. ಆದರೆ ಗೊತ್ತಿರುವ ಹಾಡಿನ ಸಾಲು ಬಾಯಿಗೆ ಬಂದರೆ ಗಮನ ಸಾಲಿನ ಮೇಲೆ ಹೋಗುತ್ತದೆ, ಉಸಿರು ಸದ್ದಿಲ್ಲದೆ ಅದರ ಹಿಂದೆ ಬರುತ್ತದೆ. ಮಡಿಲಲ್ಲಿ ಅಳುವ ಮೊಮ್ಮಗು ಇದ್ದರಂತೂ ಅಜ್ಜಿಗೆ ತನ್ನ ಉಸಿರಿನ ನೆನಪೇ ಇರುವುದಿಲ್ಲ. ಅಂದು ನಿಮ್ಮ ಮನೆಯಲ್ಲಿ ನಡೆದದ್ದೂ ಬಹುಶಃ ಇದೇ.

ಹೊರಗಿನ ದೇಶಗಳ ಅನುಭವ

ಇದು ನಿಮ್ಮ ಪಡಸಾಲೆಯಲ್ಲಿ ಮಾತ್ರ ಕಂಡ ವಿಷಯವಲ್ಲ. ಶ್ವಾಸಕೋಶದ ಕಾಯಿಲೆ ಇರುವವರಿಗಾಗಿಯೇ ಇಂಗ್ಲೆಂಡಿನಲ್ಲಿ ಹಾಡುವ ಗುಂಪುಗಳಿವೆ. ಡೆನ್ಮಾರ್ಕಿನಲ್ಲಿ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಅಂದರೆ ಸಿಒಪಿಡಿ ಇದ್ದ 270 ಜನರನ್ನು ಎರಡು ಗುಂಪು ಮಾಡಿ ಒಂದು ಅಧ್ಯಯನ ನಡೆಸಿದರು. 10 ವಾರ ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದು ಗುಂಪಿಗೆ ಹಾಡು. ಕೊನೆಯಲ್ಲಿ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರು ಎಂದು ಅಳೆದರು. ಹಾಡಿದವರು ವ್ಯಾಯಾಮ ಮಾಡಿದವರಿಗಿಂತ ಹಿಂದೆ ಬಿದ್ದಿರಲಿಲ್ಲ. ಈ ಫಲಿತಾಂಶ ಪ್ರಕಟವಾದದ್ದು 2022ರಲ್ಲಿ.

ಕೊರೋನಾದ ನಂತರ ತಿಂಗಳುಗಟ್ಟಲೆ ಏದುಸಿರಿನಿಂದ ಬಳಲಿದವರಿಗಾಗಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೇರಾ ಎಂಬ ಗಾಯನ ಸಂಸ್ಥೆಯು ವೈದ್ಯರೊಡನೆ ಸೇರಿ ಆರು ವಾರಗಳ ಒಂದು ಕಾರ್ಯಕ್ರಮ ರೂಪಿಸಿತು. ದೊಡ್ಡ ದೊಡ್ಡ ಗಾಯಕರ ಸಂಸ್ಥೆ ರೋಗಿಗಳಿಗಾಗಿ ಯಾವ ಹಾಡನ್ನು ಆರಿಸಿತು ಗೊತ್ತೇ? ಜೋಗುಳಗಳನ್ನು! ಜೋಗುಳಕ್ಕೆ ಏರಿಳಿತ ಕಡಿಮೆ, ಸಾಲು ಚಿಕ್ಕದು, ಲಯ ನಿಧಾನ. 150 ಜನರ ಮೇಲೆ ನಡೆದ ಈ ಪ್ರಯೋಗದಲ್ಲಿ ಭಾಗವಹಿಸಿದವರ ಮನಸ್ಸಿನ ನೆಮ್ಮದಿ ಹೆಚ್ಚಿತು, ಏದುಸಿರಿನ ಕೆಲವು ಅಳತೆಗಳಲ್ಲೂ ಸುಧಾರಣೆ ಕಂಡಿತು. ಎಲ್ಲದರಲ್ಲೂ ಅಲ್ಲ ಎಂಬುದನ್ನೂ ಹೇಳಬೇಕು.

ಶ್ವಾಸಕೋಶದ ಕ್ಯಾನ್ಸರ್ ಇರುವವರಲ್ಲಿ ಹಾಡಿನ ಬಗ್ಗೆಯೇ ನಡೆದ ಅಧ್ಯಯನಗಳು ಕಡಿಮೆ, ಚಿಕ್ಕವು. ಆದ್ದರಿಂದ ಇಂತಿಷ್ಟು ಲಾಭ ಖಂಡಿತ ಎಂದು ಯಾರೂ ಬರೆದುಕೊಡಲಾರರು. ಆದರೆ ಉಸಿರಾಟದ ತರಬೇತಿ ಮತ್ತು ಧೈರ್ಯದ ಮಾತು ಈ ರೋಗಿಗಳಿಗೆ ನೆರವಾಗುತ್ತದೆ ಎಂಬುದಕ್ಕೆ ಹಳೆಯ ಆಧಾರವಿದೆ. ಇಂಗ್ಲೆಂಡಿನ ದಾದಿಯರು ಶ್ವಾಸಕೋಶದ ಕ್ಯಾನ್ಸರಿನ 119 ರೋಗಿಗಳ ಮೇಲೆ ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಉಸಿರನ್ನು ಹತೋಟಿಗೆ ತರುವುದು, ದಣಿಯದಂತೆ ಕೆಲಸ ಹಂಚಿಕೊಳ್ಳುವುದು, ಭಯದ ಬಗ್ಗೆ ಮನಬಿಚ್ಚಿ ಮಾತಾಡುವುದು ಇಷ್ಟನ್ನೇ ದಾದಿಯರು ಕಲಿಸಿದ್ದರು. ಕಲಿತವರಿಗೆ ಏದುಸಿರೂ ಖಿನ್ನತೆಯೂ ಉಳಿದವರಿಗಿಂತ ಕಡಿಮೆಯಿತ್ತು. ನಿಮ್ಮ ಮನೆಯಲ್ಲಿ ಆ ದಾದಿಯ ಜಾಗದಲ್ಲಿರುವುದು ನೀವೇ.

ನಮ್ಮ ನೆಲದ ಹಾಡು

ಉಸಿರು ಮತ್ತು ಹಾಡಿನ ನಂಟನ್ನು ತಿಳಿಯಲು ನಾವು ಲಂಡನ್ನಿಗೇ ಹೋಗಬೇಕಿಲ್ಲ. ಬೀಳಗಿ, ಜಮಖಂಡಿ, ಮುಧೋಳದ ಸೀಮೆಯಲ್ಲಿ ನಸುಕಿನಲ್ಲೆದ್ದು ಜೋಳ ಬೀಸುತ್ತಿದ್ದ ನಮ್ಮ ಅಜ್ಜಿಯರು ಬಾಯಿ ಮುಚ್ಚಿಕೊಂಡು ಬೀಸಿದವರಲ್ಲ. ಕಲ್ಲಿನ ಸುತ್ತಿಗೆ ಒಂದು ಸಾಲು, ಸಾಲಿನ ಕೊನೆಗೆ ಒಂದು ಉಸಿರು. ಬೀಸುವ ಪದ ಕೆಲಸದ ದಣಿವನ್ನು ಹಂಚಿಕೊಂಡು ಒಯ್ಯುತ್ತಿತ್ತು.

ಪಕ್ಕದ ವಿಜಯಪುರದ ಸೂಫಿಗಳಿಗೂ ಇದು ತಿಳಿದಿತ್ತು. ಆದಿಲ್‌ಶಾಹಿಗಳ ಕಾಲದಲ್ಲಿ ಹಾಗೂ ಆಮೇಲೆ ದಖನಿ ಭಾಷೆಯಲ್ಲಿ ಚಕ್ಕಿನಾಮಾ ಎಂಬ ಪದಗಳು ಹುಟ್ಟಿದವು. ಚಕ್ಕಿ ಎಂದರೆ ಬೀಸುಕಲ್ಲು. ಹೆಂಗಸರು ಬೀಸುತ್ತಾ ಹಾಡಲೆಂದೇ, ಅವರ ಮನೆಮಾತಿನಲ್ಲಿ, ಸೃಷ್ಟಿಕರ್ತನ ಸ್ಮರಣೆಯ ಮಾತುಗಳನ್ನು ಆ ಲಯಕ್ಕೆ ಹೊಂದಿಸಿದ್ದರು. ನೂಲುವವರಿಗೆ ಚರಖಾನಾಮಾ ಬೇರೆ ಇತ್ತು. ಗ್ರಂಥ ಓದಲು ಬಾರದ ತಾಯಂದಿರು ಕೈಯಲ್ಲಿ ಗೂಟ ಹಿಡಿದು ತಿರುಗಿಸುತ್ತಲೇ ಅವನ್ನು ಕಲಿತರು. ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಆದರೆ ನಿಮ್ಮ ಅತ್ತೆಯ ವಯಸ್ಸಿನವರ ನೆನಪಿನಲ್ಲಿ ತಾಯಿಯೋ ಅಜ್ಜಿಯೋ ಹಾಡಿದ ಎರಡು ಸಾಲು ಇನ್ನೂ ಇರಬಹುದು. ಕೇಳಿ ನೋಡಿ.

ಇಲ್ಲಿ ಕೆಲವು ಸಹೋದರಿಯರಿಗೆ ಒಂದು ಸಂಶಯ ಬರಬಹುದು. ಸಂಗೀತ ನಮ್ಮ ಮನೆಗೆ ಸರಿಯೇ? ವಾದ್ಯಗಳ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ, ಅದನ್ನು ನಾನು ಇಲ್ಲಿ ಎತ್ತುವುದಿಲ್ಲ. ಎತ್ತುವ ಅಗತ್ಯವೂ ಇಲ್ಲ. ಏಕೆಂದರೆ ಉಸಿರಿಗೆ ಬೇಕಾದದ್ದು ತಬಲಾ ಹಾರ್ಮೋನಿಯಂ ಅಲ್ಲ, ನಮ್ಮದೇ ಗಂಟಲು. ಹಮ್ದ್, ನಾತ್, ಮಗುವಿನ ಲೋರಿ, ಮದುವೆಯ ಸೋಬಾನೆ, ಯಾವುದನ್ನು ಹಾಡಲು ಅವರ ಮನಸ್ಸು ಒಪ್ಪುತ್ತದೋ ಅದೇ ಸಾಕು. ಕುರ್‌ಆನಿನ ತಿಲಾವತ್ ಕಸರತ್ತಲ್ಲ, ಅದು ಇಬಾದತ್. ಆದರೆ ತಜ್ವೀದ್ ಕಲಿತವರಿಗೆ ಗೊತ್ತು, ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದಕ್ಕೆ ಅಲ್ಲಿ ಗುರುತುಗಳೇ ಇವೆ. ಉದ್ದದ ಆಯತ್ ಒಂದೇ ಉಸಿರಿಗೆ ಆಗದಿದ್ದರೆ ಸರಿಯಾದ ಜಾಗದಲ್ಲಿ ನಿಂತು ಸಾವಕಾಶ ಓದಲು ಅವರಿಗೆ ಹೇಳಿ. ಹಾಗೆಯೇ ನಿಂತು ನಮಾಝ್ ಮಾಡಲಾಗದವರಿಗೆ ಕುಳಿತು ಮಾಡುವ ರಿಯಾಯಿತಿ ಇದೆ. ಬಗ್ಗಿದಾಗ ಏದುಸಿರು ಹೆಚ್ಚುವವರು ಆ ರಿಯಾಯಿತಿಯನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಲಿ.

ಹೇಗೆ ಮಾಡುವುದು?

ಸಂಗೀತ ಚಿಕಿತ್ಸೆಯಲ್ಲಿ ತರಬೇತಿ ಪಡೆದವರು ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದರೆ ಫಿಸಿಯೋಥೆರಪಿಯವರು ಸಿಗುತ್ತಾರೆ. ಅವರಿಂದ ಒಮ್ಮೆ ಉಸಿರಾಟದ ಕ್ರಮ ಕಲಿತು, ವೈದ್ಯರ ಒಪ್ಪಿಗೆ ಪಡೆದು ಹೀಗೆ ಆರಂಭಿಸಿ:

1. ಊಟವಾದ ಕೂಡಲೇ ಬೇಡ. ದಣಿವು ಕಡಿಮೆ ಇರುವ ಹೊತ್ತು ನೋಡಿ. ಕಿಮೋ ಆದ ಮರುದಿನಗಳ ಸುಸ್ತಿನಲ್ಲಿ ಒತ್ತಾಯಿಸಬೇಡಿ.

2. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂರಿಸಿ. ಪಾದಗಳು ನೆಲಕ್ಕೆ ತಾಗಿರಲಿ. ಎರಡೂ ಕೈ ತೊಡೆಯ ಮೇಲೆ ಅಥವಾ ಮಡಿಲ ದಿಂಬಿನ ಮೇಲೆ ಇರಲಿ. ಹೆಗಲು ಇಳಿಯಲಿ. ಬಿಗಿ ಕುಪ್ಪಸ, ಕತ್ತಿಗೆ ಸುತ್ತಿದ ದುಪಟ್ಟಾ ಸಡಿಲಿಸಿ.

3. ಮೊದಲು ಹಾಡು ಬೇಡ, ಉಸಿರು ಬಿಡುವುದು ಮಾತ್ರ. ಬಿಸಿ ಚಹಾ ಆರಿಸುವಾಗ ಊದುತ್ತೇವಲ್ಲ, ಹಾಗೆ ಮೆಲ್ಲಗೆ, ಒತ್ತಡವಿಲ್ಲದೆ ನಾಲ್ಕೈದು ಸಲ.

4. ಆಮೇಲೆ ಬಾಯಿ ಮುಚ್ಚಿ "ಮ್‌ಮ್‌ಮ್" ಎಂದು ಗುನುಗುವುದು. ಎಷ್ಟು ಹೊತ್ತು ಬಂದರೆ ಅಷ್ಟೇ. ಎರಡು ಸೆಕೆಂಡ್ ಬಂದರೂ ಸಾಕು. ಪೈಪೋಟಿ ಬೇಡ, ಗಡಿಯಾರ ಹಿಡಿದು ಅಳೆಯುವುದೂ ಬೇಡ.

5. ನಂತರ ಗೊತ್ತಿರುವ ಹಾಡಿನ ಅರ್ಧ ಸಾಲು. ತಗ್ಗಿದ ದನಿಯಲ್ಲಿ, ಮಾತಾಡುವಷ್ಟೇ ಎತ್ತರದಲ್ಲಿ. ಉಸಿರು ಮುಗಿಯುವವರೆಗೆ ಎಳೆಯಬಾರದು. ಸ್ವಲ್ಪ ಉಳಿದಿರುವಾಗಲೇ ನಿಲ್ಲಿಸಿ ಆರಾಮವಾಗಿ ಉಸಿರು ತೆಗೆದುಕೊಳ್ಳಲಿ. ಉಳಿದ ಅರ್ಧ ಸಾಲನ್ನು ನೀವು ಹಾಡಿ. ಹೀಗೆ ಸರದಿಯಲ್ಲಿ ಹಾಡಿದರೆ ಅವರಿಗೆ ವಿಶ್ರಾಂತಿಯೂ ಸಿಗುತ್ತದೆ, ಜೊತೆಯೂ ಸಿಗುತ್ತದೆ.

6. ಐದು ನಿಮಿಷದಿಂದ ಆರಂಭಿಸಿ. ದಿನಕ್ಕೆ ಎರಡು ಸಲ ಸಾಕು. ಮುಗಿದ ಮೇಲೆ ಮೊದಲಿಗಿಂತ ಹಗುರ ಎನಿಸಬೇಕು. ಹೆಚ್ಚು ದಣಿದರೆ ಮರುದಿನ ಸಮಯ ಕಡಿಮೆ ಮಾಡಿ.

ಹಾಡುವಾಗ ತಲೆ ತಿರುಗಿದರೆ, ಎದೆ ನೋವು ಬಂದರೆ, ಕೆಮ್ಮು ನಿಲ್ಲದಿದ್ದರೆ ತಕ್ಷಣ ನಿಲ್ಲಿಸಿ. ಕಫದಲ್ಲಿ ರಕ್ತ ಬರುತ್ತಿರುವವರು, ಪಕ್ಕೆಲುಬಿಗೆ ರೋಗ ಹರಡಿ ನೋವಿರುವವರು, ಎದೆಯ ಶಸ್ತ್ರಚಿಕಿತ್ಸೆ ಆಗಿ ಹೆಚ್ಚು ದಿನವಾಗದವರು ವೈದ್ಯರನ್ನು ಕೇಳದೆ ಆರಂಭಿಸಲೇಬಾರದು. ದನಿ ಇದ್ದಕ್ಕಿದ್ದಂತೆ ಗೊಗ್ಗರಾಗಿ ಹಾಗೇ ಉಳಿದರೆ "ಹಾಡಿ ಹಾಡಿ ಹೀಗಾಯಿತು" ಎಂದು ಸುಮ್ಮನಾಗಬೇಡಿ. ಧ್ವನಿತಂತುವಿಗೆ ಹೋಗುವ ನರ ಎದೆಯೊಳಗೆ ಒತ್ತಿದಾಗಲೂ ಹಾಗಾಗುತ್ತದೆ. ವೈದ್ಯರಿಗೆ ತಿಳಿಸಬೇಕು. ಕಿಮೋ ನಡೆಯುವಾಗ ಸೋಂಕು ಬೇಗ ತಗಲುತ್ತದೆ, ಆದ್ದರಿಂದ ನೆಗಡಿ ಕೆಮ್ಮು ಇರುವವರನ್ನು ಕೂಡಿಸಿ ಹಾಡಿಸುವುದು ಬೇಡ.

ಮತ್ತೊಂದು ಸುಲಭದ ಉಪಾಯ. ಏದುಸಿರು ಬಂದಾಗ ಮುಖಕ್ಕೆ, ಮೂಗು ಮತ್ತು ತುಟಿಯ ಹತ್ತಿರ, ತಂಪು ಗಾಳಿ ಬೀಸಿದರೆ ಉಸಿರಿನ ಸಂಕಟ ಕಡಿಮೆ ಎನಿಸುತ್ತದೆ. ಇದು ಅಧ್ಯಯನಗಳಿಂದಲೂ ಕಂಡುಬಂದಿದೆ. ಬ್ಯಾಟರಿಯ ಪುಟ್ಟ ಫ್ಯಾನ್ ಆಗಬಹುದು, ಇಲ್ಲವೇ ಬೀಸಣಿಗೆಯಿಂದ ನೀವು ಬೀಸಬಹುದು.

ಕಾಯಬಾರದ ಲಕ್ಷಣಗಳು

ಏದುಸಿರು ಇದ್ದಕ್ಕಿದ್ದಂತೆ ಹೆಚ್ಚಾದರೆ, ತುಟಿ ನೀಲಿಯಾದರೆ, ಎದೆಯಲ್ಲಿ ಚುಚ್ಚುವ ನೋವು ಬಂದರೆ, ಒಂದೇ ಕಾಲು ಊದಿಕೊಂಡರೆ, ಮುಖ ಕತ್ತು ಊದಿದರೆ, ಕೆಮ್ಮಿದಾಗ ರಕ್ತ ಬಂದರೆ, ಮಾತು ತಡವರಿಸಿ ಮಂಕಾದರೆ ಹಾಡೂ ಬೇಡ, ಫ್ಯಾನೂ ಬೇಡ, ನೇರ ಆಸ್ಪತ್ರೆಗೆ ಹೋಗಿ. ಕಿಮೋ ನಡೆಯುತ್ತಿರುವಾಗ 100.4 ಡಿಗ್ರಿಗಿಂತ ಹೆಚ್ಚು ಜ್ವರ ಬಂದರೂ ಅಷ್ಟೇ. ಬೆಳಗಾಗಲಿ ಎಂದು ಕಾಯಬೇಡಿ.

ಮನೆಯ ಗಾಳಿ

"ಬೀಡಿ ಸೇದಿದವರಲ್ಲ, ತಂಬಾಕು ಮುಟ್ಟಿದವರಲ್ಲ" ಎಂದು ನೀವು ಬರೆದ ಸಾಲಿನಲ್ಲಿ ಒಂದು ನೋವು ಅಡಗಿದೆ. ಈ ಕಾಯಿಲೆ ಬಂದವರನ್ನು ಜನ ಅಪರಾಧಿಯಂತೆ ನೋಡುತ್ತಾರೆ. ಶ್ವಾಸಕೋಶದ ಕ್ಯಾನ್ಸರಿಗೆ ತಂಬಾಕು ದೊಡ್ಡ ಕಾರಣ ಹೌದು. ಆದರೆ ಎಂದೂ ಸೇದದವರಿಗೂ, ಅದರಲ್ಲೂ ಹೆಂಗಸರಿಗೆ, ಇದು ಬರುತ್ತದೆ. ಇತರರು ಸೇದಿದ ಹೊಗೆ ಒಂದು ಕಾರಣ. ಒಲೆಯ ಹೊಗೆ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮನೆಯೊಳಗಿನ ಕಲ್ಲಿದ್ದಲ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದೂ, ಕಟ್ಟಿಗೆಯಂಥ ಇಂಧನದ ಹೊಗೆಯನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವಿಂಗಡಿಸಿದೆ. ಕಟ್ಟಿಗೆ, ಕುಳ್ಳು, ಹತ್ತಿಕಟ್ಟಿಗೆ ಉರಿಸಿ ಮೂವತ್ತು ನಲವತ್ತು ವರ್ಷ ರೊಟ್ಟಿ ಬಡಿದ ತಾಯಂದಿರ ಎದೆಗೆ ಎಷ್ಟು ಹೊಗೆ ಹೋಗಿರಬೇಡ! ಯಾರಿಗೆ ಯಾವ ಕಾರಣದಿಂದ ಬಂತೆಂದು ಒಬ್ಬೊಬ್ಬರ ವಿಷಯದಲ್ಲಿ ಹೇಳಲಾಗದು. ಆದರೆ ಅವರನ್ನು ದೂರುವುದು ಮಾತ್ರ ಅನ್ಯಾಯ.

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಸಿಲಿಂಡರ್ ಇರುವ ಮನೆಗಳು ಹೆಚ್ಚಿವೆ. ಆದರೂ ಸ್ನಾನದ ನೀರಿಗೆ, ಹಬ್ಬದ ದೊಡ್ಡ ಅಡುಗೆಗೆ ಹಿತ್ತಲ ಒಲೆ ಹೊತ್ತುತ್ತದೆ. ರೋಗಿ ಇರುವ ಮನೆಯಲ್ಲಿ ಅದನ್ನು ಅವರ ಕೋಣೆಯಿಂದ ದೂರವಿಡಿ. ಮನೆಯ ಗಂಡಸರು ಒಳಗೆ ಸೇದುವುದನ್ನು ಇಂದೇ ನಿಲ್ಲಿಸಲಿ. ಗುರುವಾರ ಲೋಬಾನ ಹಾಕುವ, ಅಗರಬತ್ತಿ ಹಚ್ಚುವ ರೂಢಿ ಹಲವು ಮನೆಗಳಲ್ಲಿದೆ. ಏದುಸಿರಿನವರಿಗೆ ಆ ಹೊಗೆಯೂ ಹೊಗೆಯೇ. ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ಅಥವಾ ಯಂತ್ರ ಇದ್ದರಂತೂ ಅದರ ಹತ್ತಿರ ಲೋಬಾನ, ಊದುಬತ್ತಿ, ಬೀಡಿ, ದೀಪ ಯಾವುದೂ ಕೂಡದು. ಆಕ್ಸಿಜನ್ ಇದ್ದ ಕಡೆ ಕಿಡಿ ಬಿದ್ದರೆ ಬೆಂಕಿ ಕ್ಷಣದಲ್ಲಿ ಹಬ್ಬುತ್ತದೆ.

ಎಲ್ಲಿ ಕೇಳಬೇಕು?

ಬಾಡಗಂಡಿಯಲ್ಲಿಯೇ ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬಾಗಲಕೋಟೆ, ವಿಜಯಪುರಗಳಲ್ಲೂ ಇವೆ. ಕ್ಯಾನ್ಸರಿಗೆಂದೇ ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಸಂಸ್ಥೆ, ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಇವೆ. ಜಮಖಂಡಿ ಕಡೆಯವರು ಮಿರಜಿಗೆ ಹೋಗುವುದೂ ಉಂಟು. ತಂಬೂರಿ, ಸಿತಾರ್ ಮಾಡುವ ಮುಸ್ಲಿಂ ಕುಟುಂಬಗಳಿಗೆ ಹೆಸರಾದ ಊರು ಅದು! ಚಿಕಿತ್ಸೆ ಎಲ್ಲಿ ನಡೆಯುತ್ತಿದ್ದರೂ ಅಲ್ಲಿ ಎರಡು ವಿಷಯ ಕೇಳಿ. ಒಂದು, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಮಗೆ ಯಾವ ನೆರವು ಸಿಗುತ್ತದೆ? ಎರಡು, ಇಲ್ಲಿ ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ಸಂಕಟ ತಗ್ಗಿಸುವ ಆರೈಕೆಯ ವಿಭಾಗ ಇದೆಯೇ?

ಪ್ಯಾಲಿಯೇಟಿವ್ ಎಂದ ಕೂಡಲೇ "ಕೈಬಿಟ್ಟರು" ಎಂದು ಹೆದರಬೇಡಿ. ಕಿಮೋ ನಡೆಯುತ್ತಿರುವಾಗಲೇ ಈ ಆರೈಕೆ ಪಡೆಯಬಹುದು, ಪಡೆಯಬೇಕು. ಏದುಸಿರು ತೀರಾ ಕಾಡಿದಾಗ ಅವರು ಸಣ್ಣ ಪ್ರಮಾಣದ ಮಾರ್ಫಿನ್ ಕೊಡಬಹುದು. ಚಟ ಹತ್ತುತ್ತದೆ ಎಂಬ ಹೆದರಿಕೆಯಿಂದ ಹಲವು ಮನೆಗಳು ಅದನ್ನು ಬೇಡ ಎನ್ನುತ್ತವೆ. ವೈದ್ಯರ ಅಳತೆಯಲ್ಲಿ ತೆಗೆದುಕೊಂಡರೆ ಅದು ಸಂಕಟ ಇಳಿಸುವ ಔಷಧ, ನಶೆಯಲ್ಲ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾ ಬಂದಿದೆ.

ಕೊನೆಯದಾಗಿ, ಆ ಮಗನಿಗೆ

ಸಹೋದರಿ, ಈ ಪುಟವನ್ನು ನಿಮ್ಮ ಪತಿಗೂ ಓದಲು ಕೊಡಿ. ಅವರಿಗೆ ಹೇಳುವುದಿಷ್ಟೇ: ತಾಯಿಯ ಉಸಿರನ್ನು ಉಳಿಸಬೇಕೆಂದರೆ ಅವರ ಹೊರೆ ಇಳಿಸಿ. ನೀರಿನ ಕೊಡ ಎತ್ತಲು ಬಿಡಬೇಡಿ. ಸ್ನಾನಕ್ಕೆ ಸ್ಟೂಲ್ ಇಡಿ. ಅವರು ಓಡಾಡುವ ದಾರಿಯಲ್ಲಿ ಎರಡು ಕಡೆ ಕುರ್ಚಿ ಹಾಕಿ, ಹಿತ್ತಲಿನಿಂದ ಪಡಸಾಲೆಗೆ ಬರುವಾಗ ನಡುವೆ ಕುಳಿತು ಬರಲಿ. ಮನೆಗೆ ಬಂದವರು ಗಂಟೆಗಟ್ಟಲೆ ಕೂತು ರೋಗದ ಕತೆ ಹೇಳಿಸಿದರೆ ವಿನಯದಿಂದ ಎಬ್ಬಿಸಿ. ಹೀಗೆ ಉಳಿಸಿದ ಉಸಿರನ್ನು ಅವರು ತಮಗೆ ಬೇಕಾದುದಕ್ಕೆ ಬಳಸಲಿ. ಮೊಮ್ಮಗನಿಗೆ ಲೋರಿ ಹಾಡಲು ಬಳಸಿದರೆ ಅದಕ್ಕಿಂತ ಒಳ್ಳೆಯ ಬಳಕೆ ಯಾವುದಿದೆ? ಅಂದು ಆಡಿದ ಮಾತಿಗೆ ಕ್ಷಮೆ ಕೇಳುವ ಅಗತ್ಯವೂ ಇಲ್ಲ. ಪಕ್ಕದಲ್ಲಿ ಕುಳಿತು, "ಯವ್ವಾ, ನನಗ ಹಾಡಿದ್ದ ಹಾಡು ಒಂಚೂರು ಹಾಡಲ್ಲ" ಎಂದು ಕೇಳಿದರೆ ಸಾಕು. ತಾಯಿಗೆ ಎಲ್ಲ ಅರ್ಥವಾಗುತ್ತದೆ.

ನಿಮ್ಮ ಮೊಬೈಲಿನಲ್ಲಿ ಆ ದನಿಯನ್ನು ಹಿಡಿದಿಡಿ. ನಡುವೆ ಕೆಮ್ಮು ಬಂದರೂ ಅಳಿಸಬೇಡಿ. ಒಂದು ದಿನ ಅವರಿಗೆ ಹಾಡಲು ಆಗದೇ ಹೋಗಬಹುದು. ಆಗ ಒತ್ತಾಯ ಬೇಡ. ಅವರ ಹಾಸಿಗೆಯ ಬಳಿ ಕುಳಿತು ನೀವು ಹಾಡಿ. ನಿಧಾನದ ಹಾಡನ್ನು ಸುಮ್ಮನೆ ಕೇಳುವುದರಿಂದಲೂ ಹೆದರಿದ ಮನಸ್ಸು ಸ್ವಲ್ಪ ತಣಿಯುತ್ತದೆ. ಅಷ್ಟರಲ್ಲಿ ಆ ಲೋರಿ ನಿಮಗೂ ಬಾಯಿಗೆ ಬಂದಿರಬೇಕು. ಆದ್ದರಿಂದ ಇಂದೇ ಕಲಿಯಲು ಶುರು ಮಾಡಿ.

ರೋಗಿಗಳಿರುವ ಎಲ್ಲ ಮನೆಗಳಿಗೂ ಅಲ್ಲಾಹನು ಸಹನೆಯನ್ನೂ ನೆಮ್ಮದಿಯ ಉಸಿರನ್ನೂ ಕರುಣಿಸಲಿ. ಬಾಡಗಂಡಿಯ ಸಹೋದರಿ, ಅತ್ತೆ ಮತ್ತೆ ಗುನುಗಿದ ದಿನ ನನಗೆ ಒಂದು ಸಾಲು ಬರೆಯಿರಿ.